ವಿಡಿಯೋ ಗೇಮ್ ಹೆಸರಿನಲ್ಲಿ ಎತ್ತುವ ಹಣ: ನಿಜ ಯಾವುದು, ಸುಳ್ಳು ಯಾವುದು

ಇನ್ನೂ ತಯಾರಾಗದ ವಸ್ತುವೊಂದಕ್ಕೆ, ಅದನ್ನು ತಯಾರಿಸಲು ಹೊರಟವರ ಮಾತನ್ನೇ ಆಧಾರವಾಗಿಟ್ಟುಕೊಂಡು, ನೂರಾರು ಅಥವಾ ಸಾವಿರಾರು ಜನ ಸಣ್ಣ ಸಣ್ಣ ಮೊತ್ತಗಳನ್ನು ಮುಂಗಡವಾಗಿ ಕೊಡುವ ಏರ್ಪಾಡಿಗೆ ಇಂದು ಕ್ರೌಡ್‌ಫಂಡಿಂಗ್ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಸಿದ್ದಾಪುರ ತಾಲೂಕಿನ ನಿಲ್ಕುಂದದಂಥ ಘಟ್ಟದಂಚಿನ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ, ಶಾಲೆಯ ಕೊಠಡಿ, ಯಕ್ಷಗಾನದ ಆಟ, ಕಾಲುಸಂಕ ಇವೆಲ್ಲ ಊರವರ ವಂತಿಗೆಯಿಂದ ನಡೆದು ಬಂದವು. ಪಟ್ಟಿ ಹಿಡಿದು ಬಂದವನ ಮನೆ ಎಲ್ಲಿದೆ, ಅವನ ಅಪ್ಪ ಯಾರು, ಹಿಂದಿನ ವರ್ಷ ಅವನು ಲೆಕ್ಕ ಒಪ್ಪಿಸಿದ್ದನೇ ಎಂಬುದು ಕೊಡುವವರಿಗೆ ಗೊತ್ತಿರುತ್ತಿತ್ತು. ಕೆಲಸ ಮುಗಿದ ಮೇಲೆ ಸಭೆ ಕೂಡಿಸಿ ಜಮಾ-ಖರ್ಚು ಓದಿ ಹೇಳುವುದು ವಾಡಿಕೆಯಾಗಿತ್ತು. ಅಂತರ್ಜಾಲದಲ್ಲಿ ನಡೆಯುವ ಸಂಗ್ರಹದಲ್ಲಿ ಪಟ್ಟಿ ಮಾತ್ರ ಉಳಿದಿದೆ. ಪಟ್ಟಿ ಹಿಡಿದವನ ಪರಿಚಯವೂ ಲೆಕ್ಕ ಕೇಳುವ ಸಭೆಯೂ ತಾವಾಗಿ ಒದಗಿ ಬರುವುದಿಲ್ಲವಾದ್ದರಿಂದ, ಅವೆರಡನ್ನೂ ಕೊಡುವವರೇ ಹುಡುಕಿ ಗಳಿಸಿಕೊಳ್ಳಬೇಕಾಗುತ್ತದೆ.

ಕನ್ನಡದಲ್ಲಿ ಈ ಪದ್ಧತಿ ಚೆನ್ನಾಗಿ ಫಲಿಸಿದ ಉದಾಹರಣೆ ಸಿನಿಮಾದ್ದು. ನಿರ್ದೇಶಕ ಪವನ್ ಕುಮಾರ್ ಅವರು ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ದೊರೆಯದಾದಾಗ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಸೇರಿತು. ಚಿತ್ರ 2013ರಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತೆರೆ ಕಂಡಿತು. ಇಲ್ಲಿ ಹಣ ಕೊಟ್ಟವರು ಕಣ್ಣು ಮುಚ್ಚಿ ಕೊಡಲಿಲ್ಲ ಎಂಬುದು ಮುಖ್ಯ. ಪವನ್ ಕುಮಾರ್ ಅದಕ್ಕೂ ಮೊದಲು ‘ಲೈಫು ಇಷ್ಟೇನೆ’ ಎಂಬ ಚಿತ್ರವನ್ನು ನಿರ್ದೇಶಿಸಿ ಬಿಡುಗಡೆ ಮಾಡಿದ್ದರು. ಅವರ ಕೆಲಸವನ್ನು ಯಾರು ಬೇಕಾದರೂ ನೋಡಿ ಅಳೆಯಬಹುದಾಗಿತ್ತು. ‘ಲೂಸಿಯಾ’ ತೆರೆ ಕಂಡದ್ದರ ಹಿಂದಿನ ವರ್ಷ, 2012ರಲ್ಲಿ, ಅಮೆರಿಕದ ಡಬಲ್ ಫೈನ್ ಎಂಬ ಗೇಮ್ ಸಂಸ್ಥೆ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ 4 ಲಕ್ಷ ಡಾಲರ್ ಕೇಳಿ, 87 ಸಾವಿರಕ್ಕೂ ಹೆಚ್ಚು ಜನರಿಂದ 33 ಲಕ್ಷ ಡಾಲರ್‌ಗೂ ಮಿಕ್ಕಿ ಪಡೆದ ಮೇಲೆ, ವಿಡಿಯೋ ಗೇಮ್ ತಯಾರಕರೆಲ್ಲರ ಕಣ್ಣು ಈ ದಾರಿಯ ಮೇಲೆ ಬಿತ್ತು. ಕಣ್ಣಿಟ್ಟವರಲ್ಲಿ ಕಳ್ಳರೂ ಇದ್ದರು.

ಮೋಸವನ್ನು ಗುರುತಿಸುವ ಮೊದಲು ಮೋಸವಲ್ಲದ್ದನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ತಡವಾದ ಕೆಲಸವನ್ನೂ ಕೈಗೂಡದ ಕೆಲಸವನ್ನೂ ವಂಚನೆ ಎಂದು ಕರೆದುಬಿಟ್ಟರೆ ಪ್ರಾಮಾಣಿಕರಿಗೆ ಅನ್ಯಾಯವಾಗುವುದಷ್ಟೇ ಅಲ್ಲ, ನಿಜವಾದ ವಂಚಕನು ಅದೇ ಗದ್ದಲದಲ್ಲಿ ಮರೆಯಾಗುತ್ತಾನೆ. ಡಬಲ್ ಫೈನ್ ಸಂಸ್ಥೆ 2012ರ ಅಕ್ಟೋಬರ್‌ಗೆ ಕೊಡುವೆವೆಂದ ಆಟದ ಮೊದಲ ಭಾಗ ಬಂದದ್ದು 2014ರಲ್ಲಿ, ಎರಡನೆಯ ಭಾಗ 2015ರಲ್ಲಿ. ಹೆಸರಾಂತ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಅವರು ಕತ್ತಿವರಸೆಯ ಆಟವೊಂದಕ್ಕೆ 2012ರಲ್ಲಿ 5 ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹಿಸಿ, ಎರಡು ವರ್ಷಗಳ ಬಳಿಕ ಯೋಜನೆ ನಿಂತಿತೆಂದು ತಾವೇ ಒಪ್ಪಿ ಬರೆದರು. ಅದೇ ಅವಧಿಯ ‘ಯೋಗ್‌ವೆಂಚರ್ಸ್’ ಎಂಬ ಆಟಕ್ಕೆ ಸುಮಾರು 5 ಲಕ್ಷ 67 ಸಾವಿರ ಡಾಲರ್ ಬಂದಿದ್ದರೂ 2014ರಲ್ಲಿ ಅದು ರದ್ದಾಯಿತು. ಚಿತ್ರಕಾರನೊಬ್ಬನಿಗೆ 35 ಸಾವಿರ ಡಾಲರನ್ನು ಒಂದೇ ಗಂಟಾಗಿ ಕೊಟ್ಟಿದ್ದು, ಆತ ಎರಡು ವಾರಗಳಲ್ಲೇ ಬೇರೆ ಸಂಸ್ಥೆಗೆ ಹೋದನೆಂದೂ, ಹಣ ಹಿಂಪಡೆಯುವ ಷರತ್ತು ಕರಾರಿನಲ್ಲಿ ಇರಲಿಲ್ಲವೆಂದೂ ತಯಾರಕರು ವಿವರಿಸಿದರು. ಇದು ಅನನುಭವದ ಫಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ ಅವರು 2015ರಲ್ಲಿ ಕಿಕ್‌ಸ್ಟಾರ್ಟರ್‌ನ ಬೆಂಬಲಿಗರನ್ನು ಸಮೀಕ್ಷಿಸಿ, ಹಣ ಪಡೆದ ಯೋಜನೆಗಳಲ್ಲಿ ಶೇಕಡಾ 9ರಷ್ಟು ಮಾತು ಕೊಟ್ಟದ್ದನ್ನು ತಲುಪಿಸಲಿಲ್ಲವೆಂದು ಕಂಡುಕೊಂಡರು. ಆ 9ರೊಳಗೂ ಬಹುಪಾಲು ವಿಫಲತೆಯೇ ಹೊರತು ವಂಚನೆಯಲ್ಲ ಎಂದು ತಿಳಿಯುವುದು ನ್ಯಾಯ. ವಿಫಲನಾದವನು ಲೆಕ್ಕ ಬಿಚ್ಚಿಡುತ್ತಾನೆ, ಎಲ್ಲಿ ಎಡವಿದೆನೆಂದು ತೋರಿಸುತ್ತಾನೆ. ವಂಚಕನಾದರೋ ಮೊದಲ ದಿನದಿಂದಲೇ ತನ್ನದಲ್ಲದ್ದನ್ನು ತನ್ನದೆಂದು ತೋರಿಸಿರುತ್ತಾನೆ. ಪರೀಕ್ಷೆಯೆಲ್ಲ ನಿಲ್ಲಬೇಕಾದದ್ದು ಈ ಒಂದು ಅಂಶದ ಮೇಲೆ.

2012ರ ವಸಂತದಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಕಾಣಿಸಿಕೊಂಡ ‘ಮಿಥಿಕ್: ದ ಸ್ಟೋರಿ ಆಫ್ ಗಾಡ್ಸ್ ಅಂಡ್ ಮೆನ್’ ಎಂಬ ಯೋಜನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಲಿಟಲ್ ಮಾನ್‌ಸ್ಟರ್ ಪ್ರೊಡಕ್ಷನ್ಸ್ ಎಂಬ ಹೆಸರಿನ ತಂಡ, ತಮ್ಮಲ್ಲಿರುವವರು ಬ್ಲಿಜಾರ್ಡ್, ಆಕ್ಟಿವಿಷನ್‌ಗಳಂಥ ಪ್ರಖ್ಯಾತ ಗೇಮ್ ಸಂಸ್ಥೆಗಳಲ್ಲಿ ದುಡಿದ ಅನುಭವಿಗಳೆಂದು ಹೇಳಿಕೊಂಡು, 80 ಸಾವಿರ ಡಾಲರ್ ಕೇಳಿತು. ಪುಟದಲ್ಲಿ ಕೋಟೆಗಳ, ಯೋಧರ, ದೇವತೆಗಳ ಮನಸೆಳೆಯುವ ಚಿತ್ರಗಳಿದ್ದವು. ತಂಡದ ಕಚೇರಿಯದೆಂದು ಹೇಳಿದ ಛಾಯಾಚಿತ್ರಗಳೂ ಇದ್ದವು. ಆಟಗಾರರಲ್ಲಿ ಕೆಲವರು ಆ ಚಿತ್ರಗಳನ್ನು ಒಂದೊಂದಾಗಿ ತೆಗೆದು ಅಂತರ್ಜಾಲದಲ್ಲಿ ಹಿಮ್ಮುಖವಾಗಿ ಹುಡುಕಿದರು. ಹಿಮ್ಮುಖ ಹುಡುಕಾಟವೆಂದರೆ, ಪದದ ಬದಲು ಚಿತ್ರವನ್ನೇ ಹುಡುಕುಯಂತ್ರಕ್ಕೆ ಕೊಟ್ಟು, ಅದೇ ಚಿತ್ರ ಬೇರೆಲ್ಲಿ, ಯಾರ ಹೆಸರಿನಲ್ಲಿ, ಯಾವಾಗ ಪ್ರಕಟವಾಗಿದೆ ಎಂದು ಪತ್ತೆ ಹಚ್ಚುವ ಕ್ರಮ. ಇಂದು ಗೂಗಲ್ ಲೆನ್ಸ್ ಮೂಲಕ ಸಾಮಾನ್ಯ ಮೊಬೈಲಿನಲ್ಲೂ ಇದನ್ನು ಮಾಡಬಹುದು. ಹುಡುಕಿದಾಗ ಚಿತ್ರಗಳು ಬೇರೆ ಬೇರೆ ಕಲಾವಿದರವು ಎಂದೂ ಕಚೇರಿ ಮತ್ತೊಂದು ಸಂಸ್ಥೆಯದೆಂದೂ ಬಯಲಾಯಿತು. 5 ಸಾವಿರ ಡಾಲರ್ ಕೂಡ ಸೇರುವ ಮೊದಲೇ ಯೋಜನೆ ರದ್ದಾಯಿತು.

ಯಾರ ಹಣವೂ ಹೋಗಲಿಲ್ಲ ಎಂಬುದಕ್ಕೆ ಕಾರಣ ಆ ಜಾಲತಾಣದ ನಿಯಮ. ಕಿಕ್‌ಸ್ಟಾರ್ಟರ್ ನಡೆಯುವುದು ‘ಪೂರ್ತಿ ಇಲ್ಲವೇ ಏನೂ ಇಲ್ಲ’ ಎಂಬ ಕ್ರಮದಲ್ಲಿ. ಅಂದರೆ ಗೊತ್ತುಪಡಿಸಿದ ಅವಧಿಯೊಳಗೆ ಕೇಳಿದ ಮೊತ್ತ ಪೂರ್ತಿಯಾಗಿ ಬಂದರೆ ಮಾತ್ರ ಬೆಂಬಲಿಗರ ಕಾರ್ಡಿನಿಂದ ಹಣ ಕಡಿತವಾಗುತ್ತದೆ, ಒಂದು ಡಾಲರ್ ಕಡಿಮೆಯಾದರೂ ಯಾರಿಂದಲೂ ಏನೂ ಹೋಗುವುದಿಲ್ಲ. ಈ ನಡುವಿನ ದಿನಗಳು ಜನರಿಗೆ ಪರಿಶೀಲನೆಯ ಕಾಲ. ಗುರಿ ಮುಟ್ಟದಿದ್ದರೂ ಬಂದಷ್ಟನ್ನು ಇಟ್ಟುಕೊಳ್ಳುವ ಇನ್ನೊಂದು ಕ್ರಮ ಇಂಡಿಗೋಗೋದಂಥ ತಾಣಗಳಲ್ಲಿ ಬಳಕೆಗೆ ಬಂತು. ಆ ಕ್ರಮದಲ್ಲಿ ಈ ರಕ್ಷಣೆ ಇರುವುದಿಲ್ಲ. ಆದ್ದರಿಂದ ಯಾವುದೇ ಯೋಜನೆಯ ಪುಟವನ್ನು ತೆರೆದಾಗ ಬಣ್ಣದ ಚಿತ್ರಗಳಿಗಿಂತ ಮೊದಲು ನೋಡಬೇಕಾದದ್ದು, ಹಣ ಯಾವ ಗಳಿಗೆಯಲ್ಲಿ ಕೊಟ್ಟವರ ಕೈಬಿಟ್ಟು ಹೋಗುತ್ತದೆ ಎಂಬ ಒಂದು ಸಾಲನ್ನು.

ಮಿಥಿಕ್ ಪ್ರಕರಣದ ಕಾಲದಲ್ಲಿ ಕದ್ದ ಚಿತ್ರಕ್ಕೆ ಮೂಲವೊಂದು ಇರುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ನಿಮಿಷದಲ್ಲಿ ಹೊಸ ಚಿತ್ರ ಹುಟ್ಟುವುದರಿಂದ, ಹಿಮ್ಮುಖವಾಗಿ ಹುಡುಕಿದರೆ ಏನೂ ಸಿಗದೇ ಹೋಗಬಹುದು; ಸಿಗಲಿಲ್ಲವೆಂದ ಮಾತ್ರಕ್ಕೆ ಚಿತ್ರ ತಂಡದ್ದೇ ಎಂದು ತೀರ್ಮಾನಿಸುವಂತಿಲ್ಲ. ಇಲ್ಲಿ ನೆರವಾಗುವುದು ವಿಷಯದ ತಿಳಿವಳಿಕೆ. ‘ಯಕ್ಷಗಾನದ ಮೇಲೆ ಕನ್ನಡದ ದೊಡ್ಡ ಗೇಮ್’ ಎಂದೋ, ‘ಬನವಾಸಿಯ ಕದಂಬರ ಮಯೂರವರ್ಮನ ಗೇಮ್’ ಎಂದೋ ಒಂದು ಮನವಿ ಮೊಬೈಲಿಗೆ ಬಂದಿತೆಂದು ಭಾವಿಸಬಹುದು. ಭಾಷೆಯ ಅಭಿಮಾನಕ್ಕೆ ಕೈಹಾಕುವ ಇಂಥ ಮನವಿಯನ್ನು ಬೇಡವೆನ್ನಲು ಶಿರಸಿ-ಸಿದ್ದಾಪುರ-ಯಲ್ಲಾಪುರ ಸೀಮೆಯ ಯಾರಿಗೂ ಮನಸ್ಸು ಬರಲಾರದು. ಆದರೆ ಈ ಸೀಮೆಯವರ ಕಣ್ಣೇ ಇದಕ್ಕೆ ತಕ್ಕ ಪರೀಕ್ಷಕ: ಬಡಗುತಿಟ್ಟಿನ ವೇಷವೆಂದು ತೋರಿಸಿದ ಚಿತ್ರದಲ್ಲಿ ಕೇದಗೆ ಮುಂದಲೆಯ ಕಟ್ಟು ಸರಿಯಾಗಿದೆಯೇ, ಒಂದು ಚಿತ್ರದಲ್ಲಿದ್ದ ಭುಜಕೀರ್ತಿ ಮುಂದಿನ ಚಿತ್ರದಲ್ಲಿ ಬೇರೆಯಾಗಿದೆಯೇ, ಹಿನ್ನೆಲೆಯ ಫಲಕದ ಮೇಲಿನ ಕನ್ನಡ ಅಕ್ಷರಗಳಲ್ಲಿ ಒತ್ತಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿ ಕಲಸಿಹೋಗಿವೆಯೇ ಎಂಬುದನ್ನು ಇಲ್ಲಿಯ ಶಾಲೆಯ ಮಕ್ಕಳೂ ಹೇಳಬಲ್ಲರು. ನಿಜವಾಗಿ ಕೆಲಸ ಮಾಡುವ ತಂಡದ ಬಳಿ ಮುಗಿದ ಚಿತ್ರದ ಜೊತೆಗೆ ಅದರ ಕಚ್ಚಾ ರೇಖೆಗಳು, ಕೈಬಿಟ್ಟ ಕರಡುಗಳು, ಅರ್ಧ ಬಣ್ಣ ತುಂಬಿದ ಮಾದರಿಗಳು ಇದ್ದೇ ಇರುತ್ತವೆ. ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ವೇಷಕ್ಕೆ ಮಾರ್ಗದರ್ಶನ ಮಾಡಿದ ಕಲಾವಿದರು ಯಾರು, ಹಾಡುಗಾರಿಕೆ ಯಾವ ಭಾಗವತರದ್ದು ಎಂದು ಕೇಳಿ, ಹೇಳಿದ ಹೆಸರಿನವರನ್ನೇ ನೇರವಾಗಿ ವಿಚಾರಿಸುವುದು ಈ ಸೀಮೆಯಲ್ಲಿ ಕಷ್ಟದ ಕೆಲಸವೇನಲ್ಲ.

ಚಿತ್ರಕ್ಕಿಂತ ದೊಡ್ಡ ಪುರಾವೆ ಆಡಿ ನೋಡಬಹುದಾದ ಮಾದರಿ. ಇದನ್ನು ಡೆಮೊ ಎನ್ನುತ್ತಾರೆ. ಗೇಮ್ ಯಂತ್ರವಾದರೆ ಪ್ರೊಟೊಟೈಪ್, ಅಂದರೆ ಕೆಲಸ ಮಾಡುವ ಮೊದಲ ಪ್ರತಿ. ಮಾದರಿಯೇ ಸುಳ್ಳಾಗಬಹುದೆಂಬುದನ್ನು ‘ಕೊಲೆಕೊ ಕಮೀಲಿಯನ್’ ಎಂಬ ಗೇಮ್ ಯಂತ್ರದ ಪ್ರಕರಣ ತೋರಿಸಿಕೊಟ್ಟಿತು. ಹಳೆಯ ಕಾಲದ ಕಾರ್ಟ್ರಿಡ್ಜ್ ಆಟಗಳನ್ನು ಆಡಿಸುವ ಹೊಸ ಯಂತ್ರಕ್ಕಾಗಿ 2015ರಲ್ಲಿ ಅದರ ರೂವಾರಿಗಳು ‘ರೆಟ್ರೊ ವಿಜಿಎಸ್’ ಎಂಬ ಹೆಸರಿನಲ್ಲಿ 19 ಲಕ್ಷ 50 ಸಾವಿರ ಡಾಲರ್ ಕೇಳಿ ವಿಫಲರಾದರು. ಬಳಿಕ ಕೊಲೆಕೊ ಎಂಬ ಹಳೆಯ ಹೆಸರಾಂತ ಕಂಪನಿಯ ಹೆಸರನ್ನು ಪರವಾನಗಿಯ ಮೇಲೆ ಪಡೆದು, 2016ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮಾದರಿ ಯಂತ್ರವನ್ನು ಪ್ರದರ್ಶಿಸಿದರು. ಯಂತ್ರ ಓಡುತ್ತಿತ್ತು, ಪರದೆಯ ಮೇಲೆ ಆಟ ನಡೆಯುತ್ತಿತ್ತು. ಆದರೆ ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಅಭ್ಯಾಸವಿದ್ದವರು ಅದರ ಛಾಯಾಚಿತ್ರಗಳಲ್ಲಿ ಹಿಂಬದಿಯ ಸಂಪರ್ಕ ಕಿಂಡಿಗಳ ಜಾಗ ಮತ್ತು ಅಂತರವನ್ನು ಅಳೆದು, ಇದು ನಿಂಟೆಂಡೊ ಕಂಪನಿಯ ‘ಸೂಪರ್ ನಿಂಟೆಂಡೊ’ ಯಂತ್ರದ ಸಣ್ಣ ಮಾದರಿಯನ್ನೇ ಬೇರೆ ಕವಚದೊಳಗೆ ಕೂರಿಸಿದಂತಿದೆ ಎಂದು ಗುರುತಿಸಿದರು. ಆಕ್ಷೇಪಕ್ಕೆ ಉತ್ತರವಾಗಿ ಪಾರದರ್ಶಕ ಕವಚದ ಇನ್ನೊಂದು ಮಾದರಿಯ ಚಿತ್ರ ಹೊರಬಂದಾಗ, ಒಳಗೆ ಕಂಡ ಸರ್ಕ್ಯೂಟ್ ಹಲಗೆ ಕಣ್ಗಾವಲು ಕ್ಯಾಮೆರಾದ ದೃಶ್ಯಗಳನ್ನು ಕಂಪ್ಯೂಟರಿಗೆ ತುಂಬಿಸಿಕೊಳ್ಳಲು ಬಳಸುವ ಹಳೆಯ ಕಾರ್ಡ್ ಎಂದು ತಿಳಿಯಿತು. ಕೊಲೆಕೊ ತಪಾಸಣೆಗಾಗಿ ಯಂತ್ರವನ್ನು ಒಪ್ಪಿಸಬೇಕೆಂದು ಕೇಳಿತು, ಯಂತ್ರ ಬರಲಿಲ್ಲ, ಮಾರ್ಚ್‌ನಲ್ಲಿ ಆ ಕಂಪನಿ ತನ್ನ ಹೆಸರನ್ನು ಹಿಂತೆಗೆದುಕೊಂಡಿತು. ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಎತ್ತುವ ಕಾರ್ಯ ಆರಂಭವಾಗಲೇ ಇಲ್ಲ.

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಟೆಂಡರ್ ಬರೆಯುವ ವ್ಯಾಪಾರಿ ಮೇಲೆ ಕಾಣುವ ಅಡಿಕೆಯನ್ನಷ್ಟೇ ನಂಬದೆ, ಒಳಗೆ ಕೈಹಾಕಿ ತೆಗೆದು ಕತ್ತರಿಸಿ ನೋಡುವಂತೆ, ಗೇಮ್ ಮಾದರಿಯನ್ನೂ ಒಳಹೊಕ್ಕು ನೋಡಬೇಕಾಗುತ್ತದೆ. ಜಾಹೀರಾತಿನ ತುಣುಕು ಎಷ್ಟೇ ಸೊಗಸಾಗಿದ್ದರೂ ಅದು ಆಟವಲ್ಲ. ಆಟದ ದೃಶ್ಯವಾದರೆ ಆಟಗಾರನು ಗುಂಡಿ ಒತ್ತಿದ್ದಕ್ಕೆ ಪಾತ್ರ ಸ್ಪಂದಿಸುವುದು, ಗೋಡೆಗೆ ತಾಗಿ ನಿಲ್ಲುವುದು, ತಪ್ಪಿ ಬೀಳುವುದು, ಪರದೆಯ ಮೇಲಿನ ಅಂಕಿಗಳು ಬದಲಾಗುವುದು ಇವೆಲ್ಲ ತುಂಡರಿಸದ ಐದಾರು ನಿಮಿಷಗಳಲ್ಲಿ ಕಾಣಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತ ಹಿನ್ನೆಲೆ ಸಂಗೀತವೇ ಎಲ್ಲ ಕೆಲಸ ಮಾಡುತ್ತಿದ್ದರೆ, ತೋರಿಸಲು ಆಟ ಇನ್ನೂ ಇಲ್ಲವೆಂದು ತಿಳಿಯಬಹುದು. ಗೇಮ್ ತಯಾರಿಕೆಗೆ ಬೇಕಾದ ಸಿದ್ಧ ಮರ, ಮನೆ, ಪಾತ್ರಗಳನ್ನು ಹಣಕ್ಕೆ ಮಾರುವ ಅಂಗಡಿಗಳು ಅಂತರ್ಜಾಲದಲ್ಲಿವೆ. ಅವನ್ನು ಕೊಂಡು ಬಳಸುವುದು ತಪ್ಪಲ್ಲ, ಆದರೆ ಕೊಂಡದ್ದನ್ನು ತಾವೇ ಕಡೆದದ್ದೆಂದು ಹೇಳಿದರೆ ಆ ತಂಡದ ಉಳಿದ ಮಾತುಗಳಿಗೂ ಅದೇ ಬೆಲೆ. ಡೆಮೊ ಹೆಸರಿನಲ್ಲಿ ವಾಟ್ಸಾಪ್ ಅಥವಾ ಟೆಲಿಗ್ರಾಂ ಮೂಲಕ ಬರುವ ಎಪಿಕೆ ಕಡತದ, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಮೊಬೈಲಿಗೆ ಇಳಿಸುವ ತಂತ್ರಾಂಶದ, ಅಪಾಯ ಬೇರೆಯೇ ಬಗೆಯದು; ಅದು ಬ್ಯಾಂಕಿನ ಸಂದೇಶಗಳನ್ನು ಓದುವ ಕಳ್ಳ ತಂತ್ರಾಂಶವಾಗಿರಬಹುದಾದ್ದರಿಂದ ಅದನ್ನು ಮುಟ್ಟದಿರುವುದೇ ಲೇಸು.

ಕೇಳಿದ ಮೊತ್ತ ಮತ್ತು ಹೇಳಿದ ಕೆಲಸ ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕುವುದಕ್ಕೆ ತಂತ್ರಜ್ಞಾನದ ಓದು ಬೇಕಿಲ್ಲ. ಐದು ಜನರ ತಂಡ, ತಲಾ ತಿಂಗಳಿಗೆ 50 ಸಾವಿರ ರೂಪಾಯಿ ಸಂಬಳ, ಒಂದೂವರೆ ವರ್ಷದ ಕೆಲಸ ಎಂದಿಟ್ಟುಕೊಂಡರೆ ಸಂಬಳವೊಂದಕ್ಕೇ 45 ಲಕ್ಷ ಬೇಕು. ಇದರ ಮೇಲೆ ಕಂಪ್ಯೂಟರು, ಸಂಗೀತ, ಧ್ವನಿ, ತೆರಿಗೆ, ಜಾಲತಾಣಕ್ಕೆ ಸಲ್ಲುವ ಪಾಲು (ಕಿಕ್‌ಸ್ಟಾರ್ಟರ್‌ನಲ್ಲಿ ಶೇಕಡಾ 5, ಹಣ ಪಾವತಿಯ ಶುಲ್ಕ ಬೇರೆ), ಬೆಂಬಲಿಗರಿಗೆ ಕೊಡುವೆನೆಂದ ಅಂಗಿ, ಪುಸ್ತಕ, ಅವುಗಳ ಅಂಚೆ ವೆಚ್ಚ. ವಿಶಾಲ ಲೋಕವೊಂದನ್ನು ಸೃಷ್ಟಿಸಿ, ಸಾವಿರಾರು ಜನ ಒಟ್ಟಿಗೆ ಆಡುವ ಆಟವನ್ನು ಆರು ತಿಂಗಳಲ್ಲಿ 5 ಲಕ್ಷಕ್ಕೆ ಕೊಡುತ್ತೇವೆನ್ನುವವರ ಬಳಿ ಒಂದೋ ಬೇರೆ ಬಂಡವಾಳ ಇರಬೇಕು, ಇಲ್ಲವೇ ಆಟ ಮಾಡುವ ಉದ್ದೇಶ ಇರಲಿಕ್ಕಿಲ್ಲ. ಬೇರೆ ಬಂಡವಾಳವಿದ್ದರೆ ಅದು ಎಲ್ಲಿಯದೆಂದು ಪುಟದಲ್ಲಿ ಬರೆದಿರಬೇಕು.

ತಂಡದ ಸದಸ್ಯರ ಗುರುತು ಈ ಎಲ್ಲಕ್ಕಿಂತ ಬಿಗಿಯಾಗಿ ಪರೀಕ್ಷಿಸಬೇಕಾದ ಸಂಗತಿ. ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಹೂಡಲು ಅವಕಾಶವಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲವಾದ್ದರಿಂದ, ಭಾರತದ ತಂಡಗಳು ಹೊರದೇಶದ ವ್ಯಕ್ತಿ ಅಥವಾ ಸಂಸ್ಥೆಯ ಮೂಲಕ ಅಲ್ಲಿಗೆ ಹೋಗಬೇಕಾಗುತ್ತದೆ. ಆಗ ಹಣ ಯಾರ ಖಾತೆಗೆ ಹೋಗುತ್ತದೆ, ಅವರಿಗೂ ತಂಡಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ’ ಎಂಬ ಪೌರಾಣಿಕ ಹಿನ್ನೆಲೆಯ ಆಟಕ್ಕಾಗಿ 2017ರಲ್ಲಿ ಅಲ್ಲಿ ಹಣ ಕೇಳಿತ್ತು. ಗುರಿ ಮುಟ್ಟಲಿಲ್ಲ, ಹಣವೂ ಬರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಸ್ಥಾಪಕರಲ್ಲೊಬ್ಬರಾದ ಶ್ರುತಿ ಘೋಷ್ ಅವರು ತಮ್ಮ ಫ್ಲ್ಯಾಟನ್ನು ಮಾರಿ ತಂಡವನ್ನು ಉಳಿಸಿಕೊಂಡರು. ಆಟ 2020ರಲ್ಲಿ ಬಿಡುಗಡೆಯಾಗಿ ‘ದ ಗೇಮ್ ಅವಾರ್ಡ್ಸ್’ ಪ್ರಶಸ್ತಿಯ ಚೊಚ್ಚಲ ಆಟಗಳ ವಿಭಾಗದಲ್ಲಿ ನಾಮನಿರ್ದೇಶನ ಪಡೆಯಿತು. ಸಂಗ್ರಹ ಸೋತಿತೆಂದ ಮಾತ್ರಕ್ಕೆ ತಂಡ ಸುಳ್ಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಭಾರತದಲ್ಲಿ ಸಿಗುವುದು ಕಷ್ಟ. ಹಣ ಕೇಳುವ ತಂಡದವರ ಹೆಸರುಗಳು ಅವರು ಹಿಂದೆ ದುಡಿದ ಆಟಗಳ ಕೊನೆಯಲ್ಲಿ ಬರುವ ಹೆಸರುಪಟ್ಟಿಯಲ್ಲಿ ಇವೆಯೇ ಎಂದು ನೋಡಬಹುದು. ಕಂಪನಿಯೆಂದು ಹೇಳಿಕೊಂಡಿದ್ದರೆ ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅದರ ನೋಂದಣಿಯನ್ನು ಪರಿಶೀಲಿಸಬಹುದು. ನೋಂದಣಿ ಇದ್ದ ಮಾತ್ರಕ್ಕೆ ಪ್ರಾಮಾಣಿಕತೆ ಸಿದ್ಧವಾಗುವುದಿಲ್ಲ. ಇದೆಯೆಂದು ಹೇಳಿ ಇಲ್ಲದಿದ್ದರೆ ಮಾತ್ರ ಅಪ್ರಾಮಾಣಿಕತೆ ಅಲ್ಲಿಯೇ ಸಿದ್ಧವಾಗುತ್ತದೆ.

ಹಳ್ಳಿಯ ಮೊಬೈಲುಗಳಿಗೆ ಬರುವ ಮನವಿಗಳಲ್ಲಿ ಯಾವ ಜಾಲತಾಣವೂ ನಡುವೆ ಇಲ್ಲದೆ, ಕ್ಯೂಆರ್ ಚಿತ್ರವೊಂದಕ್ಕೆ ನೇರವಾಗಿ ಯುಪಿಐ ಮೂಲಕ ಹಣ ಕಳಿಸಲು ಹೇಳುವಂಥವೂ ಇರುತ್ತವೆ. ಇಲ್ಲಿ ‘ಪೂರ್ತಿ ಇಲ್ಲವೇ ಏನೂ ಇಲ್ಲ’ ಎಂಬ ಕಾವಲು ಇಲ್ಲ. ಪಿನ್ ಎಂಬ ಗುಪ್ತ ಸಂಖ್ಯೆ ಒತ್ತಿದ ಕ್ಷಣದಲ್ಲೇ ಹಣ ಹೋಗಿರುತ್ತದೆ. ಒತ್ತುವ ಮೊದಲು ಪರದೆಯಲ್ಲಿ ಕಾಣುವ ಖಾತೆದಾರನ ಹೆಸರು ಗೇಮ್ ತಂಡದ್ದಲ್ಲದೆ ಸಂಬಂಧವಿಲ್ಲದ ವ್ಯಕ್ತಿಯದಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ‘ನಿಮ್ಮ ಹಣ ವಾಪಸು ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವುದು ಮೋಸದ ಎರಡನೆಯ ಕಂತು. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಇನ್ನು, ಆಟ ಬಿಡುಗಡೆಯಾದ ಮೇಲೆ ಲಾಭದಲ್ಲಿ ಪಾಲು ಕೊಡುತ್ತೇವೆ, ಕೊಟ್ಟದ್ದು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಎಂಬ ಮಾತು ಬಂದರೆ ಅದು ಬೆಂಬಲದ ಕ್ಷೇತ್ರವನ್ನು ದಾಟಿ ಠೇವಣಿ ಮತ್ತು ಹೂಡಿಕೆಯ ಕ್ಷೇತ್ರಕ್ಕೆ ಬಂದಂತೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಹೂಡಿಕೆ ರೂಪದ ಕ್ರೌಡ್‌ಫಂಡಿಂಗ್ ಕುರಿತು 2014ರಲ್ಲಿ ಚರ್ಚಾಪತ್ರ ಹೊರಡಿಸಿ, 2016ರಲ್ಲಿ ಅನುಮತಿಯಿಲ್ಲದ ತಾಣಗಳ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿತು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಕಾನೂನು ಎಷ್ಟರ ಮಟ್ಟಿಗೆ ಹಣವನ್ನು ಮರಳಿಸಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಗಮನಾರ್ಹ. ‘ದ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಮಣೆಯಾಟಕ್ಕೆ 35 ಸಾವಿರ ಡಾಲರ್ ಕೇಳಿದ ವ್ಯಕ್ತಿಗೆ 1,246 ಮಂದಿ ಸೇರಿ 1 ಲಕ್ಷ 22 ಸಾವಿರ ಡಾಲರ್‌ಗೂ ಹೆಚ್ಚು ಕೊಟ್ಟರು. ಆತ ಅದರಲ್ಲಿ ಬಹುಭಾಗವನ್ನು ಮನೆ ಬಾಡಿಗೆಗೂ ತನ್ನ ಸ್ವಂತ ಖರ್ಚಿಗೂ ಬಳಸಿದನೆಂದು ಗ್ರಾಹಕ ಹಿತರಕ್ಷಣೆಯ ಹೊಣೆ ಹೊತ್ತ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2015ರಲ್ಲಿ ಕ್ರೌಡ್‌ಫಂಡಿಂಗ್ ಕುರಿತ ತನ್ನ ಮೊದಲ ಮೊಕದ್ದಮೆಯನ್ನು ಇತ್ಯರ್ಥಕ್ಕೆ ತಂದಿತು. 1 ಲಕ್ಷ 11 ಸಾವಿರ ಡಾಲರ್‌ಗೂ ಮೀರಿದ ಮೊತ್ತವನ್ನು ತೆರಬೇಕೆಂಬ ಆದೇಶವೂ ಆಯಿತು. ತೆರುವ ಶಕ್ತಿ ಅವನಿಗಿಲ್ಲವೆಂಬ ಕಾರಣಕ್ಕೆ ಅದೇ ಆದೇಶವನ್ನು ಅಮಾನತಿನಲ್ಲಿಡಲಾಯಿತು. ಆಟವನ್ನು ಕೊನೆಗೆ ಅಚ್ಚು ಹಾಕಿ ಹಣ ಕೊಟ್ಟವರಿಗೆ ತಲುಪಿಸಿದ್ದು ಕ್ರಿಪ್ಟೊಜೋಯಿಕ್ ಎಂಬ ಬೇರೊಂದು ಪ್ರಕಾಶನ ಸಂಸ್ಥೆ, ತನ್ನ ಸ್ವಂತ ಔದಾರ್ಯದಿಂದ.

ಭಾರತದಲ್ಲಿ ಹಣ ಕಳಿಸಿದ ಮೇಲೆ ಸಂಶಯ ಬಂದರೆ ತಡ ಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡುವುದು ಮೊದಲ ಕೆಲಸ, ಏಕೆಂದರೆ ವಂಚಕನ ಖಾತೆಯಿಂದ ಹಣ ಮುಂದಕ್ಕೆ ಹರಿದುಹೋಗುವ ಮೊದಲು ಅದನ್ನು ತಡೆಹಿಡಿಯುವ ಅವಕಾಶ ಇರುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ. ಜೊತೆಗೆ ಬ್ಯಾಂಕಿಗೂ ತಿಳಿಸಬೇಕು. ಮನವಿಯ ಪುಟ, ಸಂದೇಶಗಳು, ಪಾವತಿಯ ವಹಿವಾಟು ಸಂಖ್ಯೆ ಇವುಗಳ ಪರದೆಚಿತ್ರಗಳನ್ನು ಆಗಲೇ ತೆಗೆದಿಟ್ಟುಕೊಳ್ಳದಿದ್ದರೆ, ಮರುದಿನ ಪುಟವೇ ಇರುವುದಿಲ್ಲ. ಕಂಪ್ಯೂಟರ್ ಸಾಧನ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿಯೂ, ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿಯೂ ಅಪರಾಧ. ಉತ್ತರ ಕನ್ನಡ ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಕಾರವಾರದಲ್ಲಿದೆ; ಆದರೆ ನಿಲ್ಕುಂದದವರು ದೂರು ಕೊಡಲು ಘಟ್ಟ ಇಳಿದು ಅಷ್ಟು ದೂರ ಹೋಗಲೇಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು.